ಮರಿ ಹುಟ್ಟುವ ಹೊತ್ತು ಹುಡುಕುವ ಕಾಡವ್ವ

ಮೂಡಣ ಇನ್ನೂ ಕೆಂಪೇರಿಲ್ಲ. ಧುಪದಾಳದ ಆಚೆ, ಕಬ್ಬು ಕಡಿದು ಬರಿದಾದ ಹೊಲವೊಂದರಲ್ಲಿ ಕುರಿಗಳು ಬಲೆಯ ಬೇಲಿಯೊಳಗೆ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಕಾಡವ್ವ ಕುಕ್ಕರಗಾಲಲ್ಲಿ ಕುಳಿತಿದ್ದಾಳೆ. ಎದುರಿಗೊಂದು ಸತ್ತ ಮರಿ, ಮಡಿಲಲ್ಲೊಂದು ಬದುಕಿರುವ ಮರಿ. ಸತ್ತದ್ದರ ತೊಗಲನ್ನು ಕೂಸಿನ ಅಂಗಿ ಕಳಚಿದಷ್ಟು ಹುಷಾರಾಗಿ ಬಿಡಿಸಿ, ಬದುಕಿರುವುದಕ್ಕೆ ತೊಡಿಸುತ್ತಿದ್ದಾಳೆ.

ಮಡಿಲಲ್ಲಿರುವುದು ತಬ್ಬಲಿ. ಅದರ ತಾಯಿ ಈದ ಮರುದಿನವೇ ನಿತ್ರಾಣವಾಗಿ ಬಿದ್ದು ಹೋಯಿತು. ಸತ್ತ ಮರಿಯ ತಾಯಿಗೆ ಕಾಡವ್ವ ಇಟ್ಟ ಹೆಸರು ಬಿಳಿಮೂತಿ. ಅದು ಆಚೆ ನಿಂತು ಒಂದೇ ಸಮನೆ ಒದರುತ್ತಿದೆ. ಕುರಿ ಪರರ ಮರಿಗೆ ಮೊಲೆ ಕೊಡುವುದಿಲ್ಲ, ಮೂಸಿ ನೋಡಿ ತಲೆಯಿಂದ ಗುದ್ದಿ ಓಡಿಸುತ್ತದೆ. ತನ್ನ ಮರಿಯ ವಾಸನೆ ಬಂದರೆ ಮಾತ್ರ ನಿಲ್ಲುತ್ತದೆ. ಅದಕ್ಕೇ ಈ ವೇಷ.

“ಮೋಸ ಮಾಡಾಕತ್ತೇನ್ರಿ ಅದಕ್ಕ,” ಎನ್ನುತ್ತಾಳೆ ಕಾಡವ್ವ, ಕೈ ನಿಲ್ಲಿಸದೆ. “ಮಗನ್ನ ಕಳಕೊಂಡಾಕಿಗೆ ಮಗನ ಅಂಗಿ ತೋರಿಸಿ ಹಾಲ ಕೇಳಿದಂಗ. ಏನ್ ಮಾಡ್ಲಿ? ಒಂದರೆ ಉಳೀಲಿ.”

ಬಿಳಿಮೂತಿ ಮೂಸುತ್ತದೆ. ಇನ್ನೊಮ್ಮೆ ಮೂಸುತ್ತದೆ. ಒದರುವುದು ನಿಲ್ಲುತ್ತದೆ. ಮರಿ ಹೊಟ್ಟೆಯಡಿ ನುಗ್ಗಿ ಬಾಲ ಅಲ್ಲಾಡಿಸಿದ್ದೇ ತಡ, ನೋಡುವವರ ಮುಖ ಅರಳಬೇಕು. ಕಾಡವ್ವನ ಮುಖ ಅರಳುವುದಿಲ್ಲ. ಆಕೆ ಕುರಿಯ ಕೆಚ್ಚಲು ಮುಟ್ಟಿ ನೋಡುತ್ತಾಳೆ. ಅಲ್ಲಿರುವ ಹಾಲು ಬೊಗಸೆ ತುಂಬುವಷ್ಟೂ ಇಲ್ಲ. ಮೇವಿಲ್ಲದ ತಾಯಿ ಹಾಲನ್ನು ಎಲ್ಲಿಂದ ತಂದೀತು?

ಐವತ್ತು ದಾಟಿದ ಕಾಡವ್ವ ಹುಕ್ಕೇರಿ ಸೀಮೆಯ ಹೆಣ್ಣುಮಗಳು. ಗಂಡ ಕರೆಪ್ಪನ ಮನೆತನಕ್ಕೆ ಮನೆ ಅಂತ ಇರುವುದು ಹೆಸರಿಗೆ. ವರ್ಷದ ಹೆಚ್ಚು ಭಾಗ ಕುರಿಯ ಹಿಂದೆಯೇ ಬದುಕು. ಮಳೆಗಾಲ ಬಂತೆಂದರೆ ಕೆಸರು ತಪ್ಪಿಸಿಕೊಂಡು ಮೂಡಲಗಿಯ ಆಚೆಯ ಒಣಭೂಮಿಗೆ, ದೀಪಾವಳಿ ಮುಗಿದ ಮೇಲೆ ತಿರುಗಿ ಘಟಪ್ರಭೆಯ ದಂಡೆಗೆ. ನೂರರ ಮೇಲೊಂದಿಷ್ಟು ಕುರಿ, ಎರಡು ಟಗರು, ಒಂದು ನಾಯಿ, ಕುದುರೆಯ ಮೇಲೆ ಹೇರಿದ ಬೋಗುಣಿ, ಕಂಬಳಿ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುವ ರೈತರು ಕಾಳು ಕೊಡುತ್ತಾರೆ. ಕರೆಪ್ಪ ಕುರಿ ಹೊಡೆದುಕೊಂಡು ಹೋದರೆ, ಹಿಂದೆ ಉಳಿಯುವ ಮರಿ, ಈದ ಕುರಿ, ಕುಂಟುವ ಕುರಿ ಎಲ್ಲವೂ ಕಾಡವ್ವನ ಪಾಲು. ಸೂರ್ಯ ಹುಟ್ಟುವ ಮೊದಲು ರೊಟ್ಟಿ ಬಡಿದು ಎದ್ದರೆ ಮತ್ತೆ ಕೂರುವುದು ಹೊತ್ತು ಮುಳುಗಿದ ಮೇಲೆ.

ಈ ಕುಲಕಸುಬಿನಲ್ಲಿ ಒಂದು ಕಟ್ಟಳೆ ಉಂಟು. ಟಗರನ್ನು ಸುಮ್ಮನೆ ಬಿಟ್ಟರೆ ಯಾವಾಗ ಬೇಕಾದರೂ ಮರಿ ಹುಟ್ಟುತ್ತವೆ. ಹಾಗಾಗಬಾರದೆಂದು ಅದರ ಹೊಟ್ಟೆಯ ಕೆಳಗೆ ಕಂಬಳಿಯ ತುಂಡು ಕಟ್ಟಿರುತ್ತಾರೆ. ಕಾರಹುಣ್ಣಿಮೆಯ ಬೆಳಗ್ಗೆ ಟಗರಿನ ಹಣೆಗೆ ಅರಿಸಿನದ ಭಂಡಾರ ಹಚ್ಚಿ, ಬೀರದೇವರ ಹೆಸರು ಹೇಳಿ, ಮನೆಯ ಹಿರಿಯ ಆ ತುಂಡನ್ನು ಬಿಚ್ಚುತ್ತಾನೆ. ಅಲ್ಲಿಂದ ಐದು ತಿಂಗಳಿಗೆ, ಕಾರ್ತಿಕದಲ್ಲಿ ಮರಿ. ಮಳೆ ಹಿಂದೆ ಸರಿದು ಬದುವಿನ ತುಂಬ ಹುಲ್ಲು ನಿಂತ ಹೊತ್ತು ಅದು. ತಾಯಿ ಮೇಯ್ದಷ್ಟೂ ಹಾಲು. ಕರೆಪ್ಪನ ಅಪ್ಪ, ಅವನ ಅಪ್ಪ, ಎಲ್ಲರೂ ಹಾಗೇ ಮಾಡಿದರು, ಮತ್ತು ಹಾಗೇ ನಡೆಯಿತು.

ನಡೆಯದೆ ಹೋದದ್ದು ಈಚೆಗೆ. ಮೂರು ವರ್ಷ ಸತತವಾಗಿ ಕಾರ್ತಿಕದಲ್ಲೇ ಮಳೆ ಹೊಯ್ದು ಹಾಕಿತು. ಅಂತಿಂಥ ಮಳೆಯಲ್ಲ! ನಿನ್ನೆ ಹುಟ್ಟಿದ ಮರಿ ಇಂದು ಕೆಸರಲ್ಲಿ ನಡುಗಿ ಸೆಟೆದು ಬೀಳುತ್ತಿತ್ತು. ಕಾಡವ್ವ ಮರಿಗಳನ್ನು ಕಂಬಳಿಯಲ್ಲಿ ಸುತ್ತಿ, ಒಲೆಯ ಬೂದಿ ಹಚ್ಚಿ, ತನ್ನ ಸೀರೆಯೊಳಗೆ ಕಟ್ಟಿಕೊಂಡು ಕೂತಳು. ಉಳಿದದ್ದಕ್ಕಿಂತ ಹೂತದ್ದೇ ಹೆಚ್ಚು.

“ಮಳಿ ಬಂದ್ರ ಕೇಡಲ್ಲ, ಮಗ ಉಂಡ್ರ ಕೇಡಲ್ಲ ಅಂತಿದ್ರು ಹಿರ್ಯಾರು,” ಎನ್ನುತ್ತಾಳೆ. “ಖರೇನ ಅಂದಾರು ಬಿಡ್ರಿ. ಅವರೇನ ಈಗಿನ ಮಳಿ ನೋಡಿದ್ರ?”

ಕಳೆದ ಮುಂಗಾರಿಗೆ ಕಾಡವ್ವ ಗಂಡನೆದುರು ಹಟ ಹಿಡಿದಳು. ಕಾರಹುಣ್ಣಿಮೆಗೆ ಬಿಚ್ಚುವುದು ಬೇಡ, ನಾಗರಪಂಚಮಿಗೆ ಬಿಚ್ಚೋಣ, ಕಾರ್ತಿಕದ ಮಳೆ ದಾಟಿ ಸಂಕ್ರಾಂತಿಯ ಸುತ್ತ ಮರಿ ಬರಲಿ. ಕರೆಪ್ಪ ಎಂಟು ದಿನ ಮಾತು ಬಿಟ್ಟ. ಬಾಜೂ ಹಿಂಡಿನ ರಾಜಪ್ಪ ನಕ್ಕ: “ಏನೋ ಕರೆಪ್ಪ, ನಿನ್ನ ಹೆಂಡ್ತಿ ದೇವರ ದಿನಾನೂ ಬದಲ್ ಮಾಡ್ತಾಳೇನು?” ಕೊನೆಗೆ ಕರೆಪ್ಪ ಸೋತ. ಹುಣ್ಣಿಮೆ ಬಂತು, ಹೋಯಿತು, ಕಂಬಳಿ ತುಂಡು ಟಗರಿನ ಹೊಟ್ಟೆಯ ಕೆಳಗೇ ಉಳಿಯಿತು. ಬಿಚ್ಚಿದ್ದು ಪಂಚಮಿಗೆ.

ಆಮೇಲೆ ಆದದ್ದನ್ನು ಹೇಳುವಾಗ ಕಾಡವ್ವನ ದನಿ ಇಳಿಯುತ್ತದೆ. ಈ ಸಲ ಕಾರ್ತಿಕದಲ್ಲಿ ಒಂದು ಹನಿ ಬೀಳಲಿಲ್ಲ. ಶ್ರಾವಣದಲ್ಲೇ ಸುರಿದು ಮುಗಿಸಿದ ಮಳೆ, ಹಸ್ತ ಮಳೆಯ ಹೊತ್ತಿಗೆ ಕೈ ಎತ್ತಿಬಿಟ್ಟಿತು. ಕಾರ್ತಿಕದಲ್ಲಿ ಹುಲ್ಲು ಮೊಳಕಾಲುದ್ದ, ಬಿಸಿಲು ಬಂಗಾರ. ಹಳೆಯ ಕಟ್ಟಳೆಗೇ ಜೋತುಬಿದ್ದ ರಾಜಪ್ಪನ ಹಿಂಡಿನಲ್ಲಿ ಮರಿಗಳು ಪುಟಪುಟ ಜಿಗಿದಾಡಿ ಬೆಳೆದವು. ಕಾಡವ್ವನ ಕುರಿಗಳು ಈಯುವ ಹೊತ್ತಿಗೆ ಬದು ಬೋಳು, ಹಳ್ಳ ಒಣಗಿತ್ತು. ಸುತ್ತ ನೋಡಿದರೆ ಕಣ್ಣು ಹಾಯುವಷ್ಟೂ ಹಸಿರು, ಖರೆ. ಆದರೆ ಅದೆಲ್ಲ ಕಬ್ಬು. ಬೇರೆಯವರ ಹೊಲದಲ್ಲಿ ಮತ್ತೆ ಚಿಗುರಿದ ಕುಳೆ ಕಬ್ಬಿಗೆ ಕುರಿ ಬಾಯಿ ಹಾಕಿದರೆ ಕರೆಪ್ಪನ ಬೆನ್ನಿಗೆ ಏಟು ಬೀಳುತ್ತದೆ.

ಈ ಹೊಲದ ಒಡೆಯ ಆದಿನಾಥ ಒಳ್ಳೆಯ ಮನುಷ್ಯ. ಕಡಿದ ಕಬ್ಬಿನ ಸೋಗೆಯಲ್ಲಿ ತನ್ನ ದನಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಕುರಿಗೆ ಬಿಟ್ಟಿದ್ದಾನೆ. “ತಗೋರಿ ಕಾಡವ್ವಾ, ಜೀವಾ ಮೊದಲ,” ಎನ್ನುತ್ತಾನೆ. ಆದರೆ ಒಣ ಸೋಗೆ ಹೊಟ್ಟೆ ತುಂಬಿಸೀತೇ ಹೊರತು ಕೆಚ್ಚಲು ತುಂಬಿಸದು. ದಿನಕ್ಕೊಂದು, ಕೆಲವು ದಿನ ಎರಡು ಮರಿ ಕಣ್ಣು ಮುಚ್ಚುತ್ತಿವೆ.

“ನನ್ನ ಗಂಡ ಒಂದ್ ಮಾತ ಅನ್ನಲಿಲ್ಲ ನೋಡ್ರಿ,” ಎಂದು ಕಾಡವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾಳೆ. “ಬೈದಿದ್ರ ಹಗರ ಆಗತಿತ್ತು ನನಗ. ಬೈಯಲಿಲ್ಲ. ಸಲಿಕಿ ತಗೊಂಡು ಹೋಗ್ತಾನ, ತಗ್ಗ ತೋಡ್ತಾನ, ಬರ್ತಾನ.”

ಬಿಸಿಲೇರುವ ಹೊತ್ತಿಗೆ ಪಶುವೈದ್ಯೆ ಸಂಘಮಿತ್ರಾ ಸ್ಕೂಟಿ ಮೇಲೆ ಬರುತ್ತಾಳೆ. ಅಂಕಲಗಿಯ ಹುಡುಗಿ, ಕಾಡವ್ವನ ಮಗಳ ವಯಸ್ಸು. ನಿತ್ರಾಣವಾದ ಕುರಿಗಳಿಗೆ ಸೂಜಿ ಚುಚ್ಚಿ, ಮರಿಗಳಿಗೆ ಬಾಟಲಿ ಹಾಲು ಕುಡಿಸುವ ಬಗೆ ತೋರಿಸಿ, ಕಾಡವ್ವನ ಪಕ್ಕ ನೆಲದ ಮೇಲೇ ಕೂರುತ್ತಾಳೆ.

“ನಿಮ್ಮದ ತಪ್ಪಲ್ಲ ಅವ್ವಾ. ಮಳಿದ ಹೊತ್ತ ತಪ್ಪೇತಿ. ಮುಂದಿನ ವರ್ಷ ಹೆಂಗೋ ಏನೋ, ಯಾರಿಗೂ ಹೇಳಾಕ ಬರಂಗಿಲ್ಲ.”

“ಹಂಗಾರ ನಾ ಏನ್ ಮಾಡ್ಲಿ, ಡಾಕ್ಟರವ್ವಾ? ಹುಣ್ಣಿವಿಗೆ ಬಿಚ್ಚಲ್ಯೋ, ಪಂಚಮಿಗೆ ಬಿಚ್ಚಲ್ಯೋ?”

“ಹಿಂಡ ಎರಡ ಪಾಲ ಮಾಡ್ರಿ. ಅರ್ಧಕ್ಕ ಒಂದ ಟಗರ ಹುಣ್ಣಿವಿಗೆ, ಇನ್ನರ್ಧಕ್ಕ ಇನ್ನೊಂದ ಪಂಚಮಿಗೆ. ಯಾವ್ದ ಕೆಟ್ಟರೂ ಅರ್ಧಾ ಉಳಿತಾವು.”

ತಗ್ಗು ತೋಡಿ ಬಂದ ಕರೆಪ್ಪ ಬಹಳ ದಿನದ ಮೇಲೆ ನಗುತ್ತಾನೆ. “ಅರ್ಧಾ ದೇವರಿಗೆ, ಅರ್ಧಾ ನಮ್ಮಾಕಿಗೆ. ಛಲೋ ಆತು ಬಿಡ್ರಿ, ಮನ್ಯಾಗ ಜಗಳಿಲ್ಲ.”

ಸಂಘಮಿತ್ರಾ ಹೇಳಿದ್ದು ಸರಿಯಾದ ಮಾತು. ಅದು ಕಾಡವ್ವನಿಗೂ ಗೊತ್ತು, ಆಕೆ ಆಗಲೇ ಒಪ್ಪಿಯೂ ಆಗಿದೆ. ಮುಂದಿನ ಸಲ ಹಿಂಡು ಪಾಲಾಗುತ್ತದೆ, ಗುರುತಿಗೆ ಒಂದು ಪಾಲಿನ ಬೆನ್ನಿಗೆ ಕಾವಿ ಬಣ್ಣ ಬೀಳುತ್ತದೆ. ಕುರಿಗಾರಿಕೆ ಉಳಿಯಬೇಕೆಂದರೆ ಬೇರೆ ದಾರಿ ಕಾಣುವುದಿಲ್ಲ. ಆದರೂ ಸ್ಕೂಟಿ ಹೋದ ಮೇಲೆ ಆಕೆ ಬಲೆಯ ಬಾಯಿ ಬಿಚ್ಚಿ ಕುರಿಗಳನ್ನೇ ನೋಡುತ್ತಾಳೆ. ಕುರಿಗಳು ಎದ್ದು ಹೊರಟಿವೆ. ಒಂದೊಂದನ್ನೂ ಹೆಸರು ಹಿಡಿದು ಕರೆಯಬಲ್ಲಳು, ಇದು ಯಾರ ಮಗಳು, ಅದು ಯಾರ ಮೊಮ್ಮಗಳು ಎಂದು ಹೇಳಬಲ್ಲಳು.

“ಮೊದಲ ಮರಿ ಸತ್ರ ದೇವರು ಒಯ್ದ ಅಂತಿದ್ದೆ. ಈ ವರ್ಷ ನಾನ ಕೊಂದೆ ಅಂದ್ಕೊಂಡೆ,” ಎನ್ನುತ್ತಾಳೆ ಕಾಡವ್ವ. “ಇನ್ನ ಮುಂದ ಅರ್ಧಾ ಉಳಿತಾವು, ಖರೆ ಐತಿ. ಆದ್ರ ಸಾಯೂ ಅರ್ಧಾ ಯಾವ್ದು ಅಂತ ನಾನ ಬಣ್ಣಾ ಹಚ್ಚಬೇಕಲ್ರಿ? ಕಣ್ಣ ತಗದ ನನ್ನಿಂದ ಆಗೂದಿಲ್ಲ. ಕಣ್ಣ ಮುಚ್ಚಗೊಂಡ ಹಚ್ಚತೇನಿ. ಯಾವ್ದ ಕೈಗೆ ಸಿಗತೈತೋ ಸಿಗಲಿ.”