ಮಾವನವರ ಗೋಡೆ

ಮಾವನವರ ಬಲಗೈ ಹೆಬ್ಬೆರಳು ಸದಾ ಕಪ್ಪು. ತಿಕ್ಕಿದರೂ ಹೋಗದ ಇದ್ದಿಲ ಕಪ್ಪು. ನೀರು ಕುಡಿದ ಚೊಂಬಿನ ಮೇಲೆ, ಊಟದ ತಟ್ಟೆಯ ಅಂಚಿನಲ್ಲಿ, ನಾನು ಮಡಿಸಿಟ್ಟ ಪಂಚೆಯ ಮೇಲೆ ಅದರದೇ ಗುರುತು. ಮದುವೆಯಾಗಿ ಸಾಸಲು ಹಳ್ಳಿಗೆ ಬಂದ ಹೊಸತರಲ್ಲಿ ಒಗೆದು ಒಗೆದು ನನಗೆ ಸಾಕಾಗಿತ್ತು.

ಹೊಲದಿಂದ ಬಂದವರೇ ನಡುಮನೆಯ ಗೋಡೆಯ ಮುಂದೆ ಕೂರುತ್ತಿದ್ದರು. ಶಾಲೆಯಲ್ಲಿ ಓದಿದ್ದು ಆಗಿನ ಲೋಯರ್ ಸೆಕೆಂಡರಿವರೆಗೆ ಮಾತ್ರ. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗಳನ್ನು ಹುಡುಕುವುದು ಅವರ ಗೀಳು. ನೆಲದಿಂದ ಕೈಗೆಟಕುವವರೆಗೆ ಗೋಡೆ ತುಂಬಾ ಇದ್ದಿಲ ಅಂಕಿಗಳು.

"ಪುಸ್ತಕದಲ್ಲಿ ಬರೀಬಾರ್ದಾ ಮಾವ?" ಎಂದರೆ, "ಪುಸ್ತಕ ಆದ್ರೆ ಒಂದೊಂದೇ ಹಾಳೆ ಕಾಣುತ್ತೆ ಕಣವ್ವ. ಗೋಡೆ ಆದ್ರೆ ಅಷ್ಟೂ ಒಟ್ಟಿಗೆ ನೋಡ್ಬೋದು. ಇವು ಯಾವ್ದೋ ದಾರಿ ಹಿಡ್ಕೊಂಡು ಹೋಗ್ತವೆ. ಇನ್ನೊಂದಿಷ್ಟು ದಿನ ನೋಡಿದ್ರೆ ಸಿಕ್ಕುತ್ತೆ" ಎನ್ನುತ್ತಿದ್ದರು.

ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ಬೆಂಗಳೂರಿನ ಕಾಲೇಜು ಮೇಷ್ಟ್ರೊಬ್ಬರಿಂದ ಕಾಗದ ಬಂತು. ಹಳ್ಳಿಗಳಲ್ಲಿ ತಮ್ಮಷ್ಟಕ್ಕೆ ತಾವೇ ಗಣಿತ ಮಾಡಿಕೊಂಡಿದ್ದವರ ಜೀವನವನ್ನು ಅವರು ಬರೆದಿಡುತ್ತಿದ್ದರಂತೆ. ಊರಿನ ಶಾಲೆಯವರಿಂದ ಮಾವನ ವಿಷಯ ತಿಳಿಯಿತು, ಬಂದು ನೋಡುತ್ತೇನೆ ಎಂದಿದ್ದರು. ಮಾವ ಆ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದರು. ಮೇಷ್ಟ್ರು ಬರುವ ಹಿಂದಿನ ದಿನ ಒಳ್ಳೆಯ ಕಾಫಿಪುಡಿ ತರಲೆಂದು ದೊಡ್ಡಬಳ್ಳಾಪುರದ ಬಸ್ಸು ಹತ್ತಿದರು.

ದೊಡ್ಡ ಮನುಷ್ಯರು ಬರುತ್ತಾರೆಂದರೆ ಮನೆಗೆ ಸುಣ್ಣ ಬಳಿಯಬೇಡವೇ? ತವರಿನಲ್ಲಿ ನಾನು ಕಲಿತದ್ದು ಅದೇ. ಲೆಕ್ಕವೆಲ್ಲ ಅವರ ತಲೆಯಲ್ಲಿದೆ, ಗೋಡೆ ಬರೀ ಸ್ಲೇಟು ಎಂದುಕೊಂಡಿದ್ದೆ. ನನ್ನ ದಡ್ಡತನಕ್ಕೆ ಏನು ಹೇಳಲಿ. ಎರಡು ಸಲ ಬಳಿದು, ಕೆಳಗೆ ಕೆಮ್ಮಣ್ಣಿನ ಪಟ್ಟಿಯನ್ನೂ ಎಳೆದೆ. ಸಂಜೆ ಮಾವ ಬಂದವರು ಹೊಸ್ತಿಲಲ್ಲೇ ನಿಂತರು. ಆಮೇಲೆ ಒಳಗೆ ಬಂದು, "ಚೆನ್ನಾಗಿ ಬಳ್ದಿದ್ದೀಯ" ಎಂದು ಕಾಫಿಪುಡಿಯ ಪೊಟ್ಟಣ ಕೊಟ್ಟರು.

ಮರುದಿನ ಮೇಷ್ಟ್ರು ನೋಟ್‌ಬುಕ್ ತೆರೆದು ಕೂತರು. ಮಾವ ಬಾಯಲ್ಲೇ ಹೇಳಲು ಹೊರಟು, ಮತ್ತೆ ಮತ್ತೆ ಗೋಡೆಯ ಕಡೆ ನೋಡಿ ತಡವರಿಸಿದರು. "ಅಷ್ಟೂ ಗೋಡೆ ಮೇಲಿತ್ತು. ನೋಡ್ದೆ ಬರಲ್ಲ ಸ್ವಾಮಿ" ಎಂದರು.

"ಸುಣ್ಣ ಯಾರು ಹೊಡ್ಸಿದ್ದು?" ಎಂದು ಮೇಷ್ಟ್ರು ಕೇಳಿದರು. ನಾನು ಕಾಫಿ ಹಿಡಿದು ಅಲ್ಲೇ ನಿಂತಿದ್ದೆ.

"ನಾನೇ. ಕೊಳಕಾಗಿ ಕಾಣ್ತಿತ್ತು," ಎಂದರು ಮಾವ.

ಪುಸ್ತಕ ಅಚ್ಚಾದಾಗ ಮೇಷ್ಟ್ರು ಒಂದು ಪ್ರತಿ ಕಳಿಸಿದರು. ಅದರಲ್ಲಿ ಮಾವನಿಗೆ ಸಿಕ್ಕಿದ್ದು ಒಂದೇ ಸಾಲು: ಲೆಕ್ಕದಲ್ಲಿ ಆಸಕ್ತಿಯಿದ್ದ ಈ ರೈತರು ತಮ್ಮ ಕೆಲಸವನ್ನು ತಾವೇ ಅಳಿಸಿಹಾಕಿದರು. ಓದಿ ನಾನು ಅತ್ತುಬಿಟ್ಟೆ. ಮೇಷ್ಟ್ರಿಗೆ ನಿಜ ಬರೆಯುತ್ತೇನೆಂದರೆ ಮಾವ ಬಿಡಲಿಲ್ಲ. "ಅಚ್ಚಾಗೋಗಿದೆ, ಬಿಡವ್ವ" ಎಂದರು.

ಮತ್ತೆ ಅವರು ಇದ್ದಿಲು ಮುಟ್ಟಲಿಲ್ಲ. ನಾನೇ ಒಲೆಯಿಂದ ಆರಿಸಿ ಗೋಡೆಯ ಬುಡದಲ್ಲಿ ಇಡುತ್ತಿದ್ದೆ. ಇಟ್ಟದ್ದು ಅಲ್ಲೇ ಇರುತ್ತಿತ್ತು. ನಾಲ್ಕು ವರ್ಷದ ಮೇಲೆ ತೀರಿಕೊಂಡರು. ಕೊನೆಯ ಸ್ನಾನಕ್ಕೆ ನೀರು ಹಾಕುವಾಗ ಅವರ ಬಲಗೈ ಹಿಡಿದು ನೋಡಿದೆ. ಹೆಬ್ಬೆರಳು ಉಳಿದ ಬೆರಳುಗಳಂತೆಯೇ ಇತ್ತು, ತಿಕ್ಕಿ ತೊಳೆಯುವಂಥದ್ದೇನೂ ಇರಲಿಲ್ಲ.