ಬೋಡು, ಬೋಡ್ಚಿ

ನನ್ನದು ಗದಗದ ಕಡೆಯ ಊರು. ಎಪ್ಪತ್ತರ ದಶಕದ ಕೊನೆಗೆ ಪುತ್ತೂರಿನಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದೆ. ಗಂಡನಿಗೆ ಸುಬ್ರಹ್ಮಣ್ಯದಲ್ಲಿ ಕೆಲಸ. ಭಾನುವಾರ ಅವರ ಜೊತೆಗಿದ್ದು, ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಮರಳುತ್ತಿದ್ದೆ.

ಆ ಬಸ್ಸು ಕಡಬದಲ್ಲಿ ಚಹಾಕ್ಕೆ ನಿಲ್ಲುತ್ತಿತ್ತು. ಅಲ್ಲಿ ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ಪುಂಡಿ ಮಾರುತ್ತಿದ್ದಳು. ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸಿದ ಉಂಡೆಗಳು. ಅವಳಿಗೆ ತುಳು ಮಾತ್ರ ಗೊತ್ತು. ನನಗೆ ಅದೊಂದೇ ಗೊತ್ತಿಲ್ಲ. ಬೆರಳು ತೋರಿಸಿ ಕೊಳ್ಳುತ್ತಿದ್ದೆ.

ಹಾಗೆ ಕೊಳ್ಳುವುದು ಕ್ಷೇಮವಲ್ಲ ಎಂದು ತಿಳಿದದ್ದು ಒಂದು ಮದುವೆ ಊಟದಲ್ಲಿ. ಸಿಗಡಿ ತಿಂದದ್ದೇ ತಡ, ತುಟಿ ಬಾತು ಮೈಯೆಲ್ಲ ದದ್ದೆದ್ದಿತು. "ಇನ್ನು ಸಿಗಡಿ ಮುಟ್ಟಬೇಡಿ. ಮುಂದಿನ ಸಲ ಗಂಟಲೇ ಕಟ್ಟೀತು" ಎಂದರು ಡಾಕ್ಟರು. ಪುತ್ತೂರಿನ ನನ್ನ ಮನೆಯ ಒಡತಿ ಗಾಬರಿಯಾಗಿ, "ಸಿಗಡಿಗೆ ನಾವು ಎಟ್ಟಿ ಅಂತ ಹೇಳುದು. ಆ ಶಬ್ದ ಕೇಳಿದ್ರೆ ಬೇಡ ಹೇಳಿ ಮಾರಾಯ್ರೆ" ಎಂದರು. 'ಎಂಕ್ ಪುಂಡಿ ಕೊರ್ಲೆ', ನನಗೆ ಪುಂಡಿ ಕೊಡಿ, ಎನ್ನುವುದನ್ನೂ ಕಲಿಸಿದರು. ಬೇಡ ಎನ್ನುವುದಕ್ಕೆ ತುಳುವಿನಲ್ಲಿ ಏನು ಹೇಳುತ್ತಾರೆಂದು ಕೇಳಲು ನನಗೆ ತೋಚಲಿಲ್ಲ.

ಮರುವಾರ ನಾನು ತುಳುವಿನಲ್ಲಿ ಪುಂಡಿ ಕೇಳಿದಾಗ ಆ ಹೆಂಗಸಿನ ಮುಖ ಅರಳಿತು. ಬಾಳೆಲೆ ಹರಡಿ, "ಎಟ್ಟಿದ ಚಟ್ನಿ ಬೋಡಾ?" ಎಂದಳು.

ಎಟ್ಟಿ ಎಂದದ್ದು ತಿಳಿಯಿತು. ಬೋಡಾ ಎಂದದ್ದು ನಮ್ಮ 'ಬೇಡವಾ'ದ ಹಾಗೆ ಕೇಳಿಸಿತು. ಅವಳಂತೆಯೇ ಉಚ್ಚರಿಸಿ, "ಬೋಡು, ಬೋಡು" ಎಂದೆ. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹಾಕಿದ. ಪೊಟ್ಟಣ ಹಿಡಿದು ಓಡಿದೆ.

ಬಸ್ಸಿನಲ್ಲಿ ಬಿಚ್ಚಿದರೆ ಪುಂಡಿಯ ಜೊತೆ ಚಟ್ನಿಯಿತ್ತು. ಎಟ್ಟಿ ಬೇಡವೆಂದದ್ದಕ್ಕೆ ಕೊಟ್ಟ ಕಾಯಿಚಟ್ನಿ ಎಂದುಕೊಂಡು ಎರಡು ತುತ್ತು ತಿಂದಿರಬೇಕು. ನಾಲಗೆ ಜುಮ್ಮೆಂದಿತು. ಅಂಗೈ ತುರಿಸಿತು. ಖಾರವಿರಬಹುದು ಎಂದುಕೊಂಡೆ. ಆಮೇಲೆ ಉಗುಳು ನುಂಗಲು ಹೋದರೆ ನುಂಗಲಾಗಲಿಲ್ಲ. ಉಸಿರು ಸೀಟಿಯಂತೆ ಕೇಳತೊಡಗಿತು. ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ನನ್ನ ಮುಖ ನೋಡಿ ಕೂಗಿಕೊಂಡಳು.

ಕಂಡಕ್ಟರ್ ಓಡಿ ಬಂದ. "ಎಂತ ಆಯ್ತು? ಎಂತ ತಿಂದದ್ದು ನೀವು?"

ಬಾಯಿ ತೆರೆದರೂ ಸ್ವರ ಬರಲಿಲ್ಲ. ಎಲೆ ತೋರಿಸಿದೆ. ಅಜ್ಜಿ ಮೂಸಿ ನೋಡಿ, "ಎಟ್ಟಿದ ಚಟ್ನಿ" ಎಂದಳು. ನಾನು ಗಂಟಲು ಹಿಡಿದು ತೋರಿಸಿದೆ. ಅವನಿಗೆ ಅರ್ಥವಾಯಿತು. "ರಾಮಕುಂಜದಲ್ಲಿ ಡಾಕ್ಟ್ರು ಇದ್ದಾರೆ, ಎಲ್ಲಿಯೂ ನಿಲ್ಲಿಸುದು ಬೇಡ!" ಎಂದು ಡ್ರೈವರನಿಗೆ ಕಿರುಚಿದ. ಕೈಯೊಡ್ಡಿ ನಿಂತವರನ್ನು ದಾಟಿ ಬಸ್ಸು ಓಡಿತು. ತಿರುವುಗಳಲ್ಲಿ ಅಜ್ಜಿ ನನ್ನನ್ನು ಅವುಚಿ ಹಿಡಿದುಕೊಂಡಿದ್ದಳು. ಉಸಿರು ಎಳೆದಷ್ಟೂ ಸಾಲುತ್ತಿರಲಿಲ್ಲ. ಗಂಡನಿಗೆ ಯಾರು ಹೇಳುತ್ತಾರೆ ಎಂಬುದೊಂದೇ ಯೋಚನೆ.

ಡಾಕ್ಟರು ಆಗಷ್ಟೇ ಬಾಗಿಲು ತೆರೆಯುತ್ತಿದ್ದರು. ನನ್ನನ್ನು ಬೆಂಚಿನ ಮೇಲೆ ಮಲಗಿಸಿ ಇಂಜೆಕ್ಷನ್ ಚುಚ್ಚಿದರು. ಎದೆ ಡವಗುಟ್ಟಿತು, ಕೈಕಾಲು ನಡುಗಿದವು. ನಿಧಾನವಾಗಿ ಗಾಳಿ ಒಳಗಿಳಿಯಿತು. ಕಿಟಕಿಯಾಚೆ ನೋಡಿದರೆ ಬಸ್ಸು ಇನ್ನೂ ನಿಂತೇ ಇತ್ತು.

ಮುಂದಿನ ಸೋಮವಾರ ಕಡಬದಲ್ಲಿ ಇಳಿಯಲು ಕಾಲು ಬರಲಿಲ್ಲ. ಆ ಹೆಂಗಸೇ ಕಿಟಕಿಯ ಬಳಿ ಬಂದಳು. ಕಂಡಕ್ಟರನಿಂದ ಎಲ್ಲ ಕೇಳಿದ್ದಳು. ಕಣ್ಣು ತುಂಬಿತ್ತು. ನಾನು ಪುಂಡಿ ಕೇಳಿದರೆ, "ಕೊರ್ಪುಜಿ" ಎಂದು ತಲೆಯಾಡಿಸಿದಳು. ಕೊಡುವುದಿಲ್ಲವಂತೆ.

ಕಂಡಕ್ಟರ್ ನನಗೆ ಹೇಳಿದ: "ಬೋಡು ಅಂದ್ರೆ ಬೇಕು ಅಕ್ಕ. ಬೇಡ ಆದ್ರೆ ಬೋಡ್ಚಿ."

"ಬೋಡ್ಚಿ," ನಾನೆಂದೆ.

ಅವಳು ತೃಪ್ತಳಾಗಲಿಲ್ಲ. "ಎಟ್ಟಿ?" ಎಂದು ಮತ್ತೆ ಕೇಳಿದಳು. "ಬೋಡ್ಚಿ" ಎಂದೆ. ಬೆಲ್ಲ ತೋರಿಸಿ, "ಬೋಡಾ?" ಎಂದಳು. "ಬೋಡು." ಆಮೇಲೆ ಕೈ ತೊಳೆದು ಬಂದು, ಹೊಸ ಎಲೆಯಲ್ಲಿ ಪುಂಡಿ ಮತ್ತು ಬೆಲ್ಲ ಕಟ್ಟಿಕೊಟ್ಟಳು. ಬಸ್ಸು ಹೊರಟಿತು. ಸಣ್ಣ ತುಂಡೊಂದನ್ನು ಬಾಯಿಗೆ ಹಾಕಿಕೊಂಡೆ. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತ. ನಾನು ನುಂಗಿದೆ.