ಬಿಂಬುಳಿ ಸ್ನಾನ ಮಾಡಿದ ರಾಜ

ಕೊಡಿಯಾಲ್‌ಬೈಲಿನ ನನ್ನ ಹಳೆ ನಾಣ್ಯದ ಅಂಗಡಿಗೆ ಮೀನು ವ್ಯಾಪಾರದ ವಾಮನಣ್ಣ ಬ್ರಿಟಿಷ್ ರಾಜನ ತಾಮ್ರದ ಕಾಸು ತಂದರು. ಕಳೆದ ವಾರ ಅದು ಕಪ್ಪಗಿದ್ದಾಗ ಕೊಳ್ಳುತ್ತೇನೆಂದು ಒಪ್ಪಿದ್ದೆ. ಈಗ ಫಳಫಳ ಹೊಳೆಯುತ್ತಿತ್ತು. ರಾಜನ ಮುಖವೇ ಇರಲಿಲ್ಲ.

"ಎಂತ ಮಾಡಿದ್ರಿ ಮಾರಾಯ್ರೆ?"

"ಬಿಂಬುಳಿ ಕಾಯಿಯ ಹುಳಿ ರಸದಲ್ಲಿ ನೆನೆಸಿ ಬೂದಿ ಹಾಕಿ ಉಜ್ಜಿದೆ, ದೀಪ ತಿಕ್ಕಿದ ಹಾಗೆ."

"ಇನ್ನು ಇದು ಬರೀ ತಾಮ್ರ. ನನಗೆ ಬೇಡ."

"ಬೇಡ್ವಾ? ಇದು ಅಯಸ್ಕಾಂತದ ಹಾಗೆ ಅಕ್ಕಿ ಎಳೆಯುವ ನಾಣ್ಯ. ಕೋಟಿ ಬೆಲೆ ಉಂಟು, ವಾಟ್ಸಾಪಿನಲ್ಲಿ ಬಂದಿದೆ."

ಪಕ್ಕದ ಹೋಟೆಲಿನಿಂದ ಹಿಡಿ ಅಕ್ಕಿ ತಂದು ನಾಣ್ಯದ ಸುತ್ತ ಸುರಿದೆ. ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಒಂದು ಕಾಳೂ ಅಲುಗಲಿಲ್ಲ.

ವಾಮನಣ್ಣ ಅಕ್ಕಿಯನ್ನು ಬೆರಳಲ್ಲಿ ಕೆದಕಿ ನೋಡಿದರು. "ಎಳೆಯುವುದು ಹೇಗೆ? ನೀವು ತಂದದ್ದು ಕುಚ್ಚಲಕ್ಕಿ. ಇದಕ್ಕೆ ಬಿಳೀ ಬೆಳ್ತಿಗೆ ಅಕ್ಕಿಯೇ ಆಗ್ಬೇಕು."

ಮುಖ ಪೂರಾ ಸವೆದು ಹೋದರೂ ರಾಜನ ಬಾಯಿರುಚಿ ಮಾತ್ರ ಹಾಗೇ ಉಳಿದಿತ್ತು.